ಗೊರಬು ತೂಗಿದ ಕೆಫೆಯಲ್ಲಿ ಪತ್ರೊಡೆ ತಿನ್ನುವ ಮುನ್ನ

ಮಳೆಗಾಲದಲ್ಲಿ ಮಲೆನಾಡಿನ ಕಡೆ ಹೊರಟವರು, ಅದರಲ್ಲೂ ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೊರಟವರು, ಇದನ್ನು ಓದಿಕೊಂಡು ಹೋಗಿ. ಕಳೆದ ಆಗಸ್ಟಿನಲ್ಲಿ 72 ವರ್ಷದ ನನ್ನ ಅಮ್ಮ ದಾರಿಬದಿಯ ಕೆಫೆಯೊಂದರಲ್ಲಿ ಕೆಸುವಿನ ಎಲೆಯ ಪತ್ರೊಡೆ ತಿಂದು ಎರಡು ಗಂಟೆ ಮಾತಾಡಲಾಗದೆ ಕೂತಿದ್ದಳು. ಅಮ್ಮ ಎರಡು ಗಂಟೆ ಮಾತಾಡಲಿಲ್ಲ ಎಂದರೆ ಪರಿಸ್ಥಿತಿ ಎಷ್ಟು ಗಂಭೀರವಾಗಿತ್ತೆಂದು ನಮ್ಮ ನೆಂಟರಿಗೆ ಬೇರೆ ಹೇಳಬೇಕಾಗಿಲ್ಲ.

ಬೆಂಗಳೂರಿನಿಂದ ಶೃಂಗೇರಿಗೆ, ಚಿಕ್ಕಮ್ಮನ ಮನೆಗೆ ಹೊರಟಿದ್ದೆವು. ಚಿಕ್ಕಮಗಳೂರು ದಾಟಿ ಆಲ್ದೂರಿನ ದಾರಿ ಹಿಡಿದಾಗ ಮಳೆ ಜಡಿ ಹಿಡಿದಿತ್ತು. ಬೇಲೂರಿನಲ್ಲಿ ಕುಡಿದ ಕಾಫಿ ಯಾವಾಗಲೋ ಇಳಿದುಹೋಗಿತ್ತು. ನನ್ನ ಹೆಂಡತಿ ಮೊಬೈಲಿನಲ್ಲಿ ಒಂದು ಜಾಗ ಹುಡುಕಿಟ್ಟಿದ್ದಳು: ಹಂಚಿನ ಮನೆ, ಸುತ್ತ ಕಾಫಿ ತೋಟ, ಮಂಜು, 'ಅಜ್ಜಿಯ ಕೈರುಚಿ' ಎಂಬ ಮಾತು, ಐದಕ್ಕೆ 4.8 ಅಂಕ. ಜಾಗದ ಹೆಸರು ಇಲ್ಲಿ ಬೇಡ. ಇಂಥವು ಆ ದಾರಿಯಲ್ಲಿ ಒಂದಲ್ಲ, ಮತ್ತು ನನ್ನ ತಕರಾರು ಒಂದು ಫಲಕದ ಮೇಲಲ್ಲ.

ಒಳಗೆ ಕಾಲಿಟ್ಟ ಕೂಡಲೇ ಅಮ್ಮ ತಲೆ ಎತ್ತಿ ನೋಡಿದಳು. ಮಳೆಯಲ್ಲಿ ಸಸಿ ನೆಡುವಾಗ ಹೆಂಗಸರು ತಲೆಯಿಂದ ಬೆನ್ನಿನವರೆಗೆ ಹೊದ್ದುಕೊಳ್ಳುತ್ತಿದ್ದ ಗೊರಬನ್ನು ಮಗುಚಿ ಸೂರಿಗೆ ತೂಗುಹಾಕಿ, ಒಳಗೆ ಬಲ್ಬು ಇಟ್ಟಿದ್ದರು. "ಗೊರಬನ್ನು ದೀಪಕ್ಕೆ ತೊಡಿಸಿದ್ದಾರೆ ನೋಡು" ಎಂದಳು. ಅಂಗಳದ ಒರಳುಕಲ್ಲಿನಲ್ಲಿ ಯಾವುದೋ ವಿಲಾಯಿತಿ ಹೂವಿನ ಗಿಡ. ಅಮ್ಮ ಅದರ ಸುತ್ತ ಒಂದು ಸುತ್ತು ಬಂದು, "ಅರೆಯುವುದಕ್ಕೆ ಬೇರೆ ಇಟ್ಟಿರಬಹುದು" ಎಂದಳು. ಆ ಮಾತನ್ನು ನಾನು ತಮಾಷೆ ಎಂದುಕೊಂಡೆ. ಅಲ್ಲೇ ಎದ್ದು ಹೊರಡಬೇಕಾಗಿತ್ತು.

ಮೆನು ಕಾರ್ಡು ಇರಲಿಲ್ಲ. ಮೇಜಿನ ಮೇಲಿನ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಬೇಕಂತೆ. ಆ ಕಣಿವೆಯಲ್ಲಿ ಸಿಗ್ನಲ್ ಒಂದು ಗೆರೆ ಬಂದರೆ ಎರಡು ಗೆರೆ ಹೋಗುತ್ತಿತ್ತು. ಕೊನೆಗೆ ಹುಡುಗನೊಬ್ಬ ಬಂದು ಬಾಯಿಪಾಠ ಒಪ್ಪಿಸಿದ: ನೀರುದೋಸೆ, ಅಕ್ಕಿ ರೊಟ್ಟಿ, ಪತ್ರೊಡೆ, ಎಸ್ಟೇಟ್ ಕಾಫಿ. ದರ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮನೆಯವರೆಲ್ಲ ಕೂತಿರುವಾಗ ದರ ಕೇಳುವುದಕ್ಕೆ ನಮಗೆ ಅದೇನೋ ಸಂಕೋಚ. ಇಂಥವರ ವ್ಯಾಪಾರದ ಅರ್ಧ ಬಂಡವಾಳ ಆ ಸಂಕೋಚವೇ ಎಂದು ಈಗ ಅನ್ನಿಸುತ್ತದೆ. ನೀರಿನ ಬಾಟಲಿಯ ಪಕ್ಕ ಚಿಕ್ಕದೊಂದು ಹಲಗೆ ಇತ್ತು: 'ಐದು ಸ್ಟಾರ್ ಕೊಟ್ಟು ತೋರಿಸಿ, ಒಂದು ಕಾಫಿ ಉಚಿತ.' 4.8 ಎಲ್ಲಿಂದ ಬಂತು ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಐವತ್ತು ನಿಮಿಷ ಕಾದ ಮೇಲೆ ತಟ್ಟೆಗಳು ಬಂದವು. ಬಾಳೆಲೆಯ ತುಂಡಿನ ಮೇಲೆ ಸುರುಳಿ ಸುರುಳಿಯಾದ ಪತ್ರೊಡೆ, ಮೇಲೆ ತುರಿದ ತೆಂಗಿನಕಾಯಿ, ಒಂದು ದಾಸವಾಳ. ಫೋಟೋಗೆ ಹೇಳಿ ಮಾಡಿಸಿದ ಹಾಗಿತ್ತು. ಮಗಳು ತೆಗೆದಳು ಕೂಡ. ಅಮ್ಮ ಒಂದು ಬಿಲ್ಲೆ ಮುರಿದು ಬಾಯಿಗಿಟ್ಟು, "ಹುಳಿಯೇ ಇಲ್ಲವಲ್ಲ, ಬರೀ ಬೆಲ್ಲ" ಎಂದಳು. ಆದರೂ ಬಿಸಿಯಾಗಿತ್ತು, ಹಸಿವಾಗಿತ್ತು, ತಟ್ಟೆಗೆ ಬಂದ ಅನ್ನವನ್ನು ಬಿಟ್ಟು ಏಳುವ ಜಾಯಮಾನ ಅವಳದಲ್ಲ. ಮೂರನೆಯ ಬಿಲ್ಲೆಗೆ ಕೈ ನಿಂತಿತು. ಗಂಟಲಿಗೆ ಕೈ ಹೋಯಿತು. ನಾನು ಒಂದೇ ತುಂಡು ತಿಂದಿದ್ದೆ. ನನಗೂ ನಾಲಿಗೆಯ ಬದಿಯಲ್ಲಿ ಸಣ್ಣ ಮುಳ್ಳು ಚುಚ್ಚಿದ ಹಾಗೆ ಶುರುವಾಯಿತು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬಯಲುಸೀಮೆಯವರಿಗಾಗಿ ಹೇಳುತ್ತೇನೆ. ಕೆಸುವಿನ ಎಲೆ, ದಂಟು, ಗೆಡ್ಡೆ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿರುತ್ತವೆ. ಸೂಜಿಯ ಆಕಾರದವು, ಕಣ್ಣಿಗೆ ಕಾಣದಷ್ಟು ಸಣ್ಣವು. ಎಲೆ ಸರಿಯಾಗಿ ಬೇಯದಿದ್ದರೆ ನಾಲಿಗೆಗೆ, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ತುರಿಕೆ ಎನ್ನುವುದು ಇದನ್ನೇ. ಅದಕ್ಕೇ ನಮ್ಮ ಕಡೆ ಪತ್ರೊಡೆಯ ಹಿಟ್ಟಿಗೆ ಹುಣಸೆಹಣ್ಣು ಧಾರಾಳವಾಗಿ ಬೀಳುತ್ತದೆ. ಅಕ್ಕಿ, ಒಣಮೆಣಸು, ಕೊತ್ತಂಬರಿ, ಕಾಯಿ, ಬೆಲ್ಲ ಇವೆಲ್ಲ ರುಚಿಗೆ. ಹುಳಿ ಮಾತ್ರ ರುಚಿಗೂ ಹೌದು, ಕಾವಲಿಗೂ ಹೌದು. ಹಿಟ್ಟು ಹಚ್ಚುವ ಮೊದಲು ಎಲೆಯ ಹಿಂಬದಿಯ ದಪ್ಪ ನರವನ್ನು ಹೆರೆದು ತೆಗೆಯಬೇಕು, ಸುರುಳಿ ಒಳಗಿನವರೆಗೆ ಹಬೆಯಲ್ಲಿ ಬೇಯಬೇಕು. ಅಮ್ಮ ಚರಂಡಿಯ ಬದಿಯ ಕೆಸುವಿಗೆ ಕೈ ಹಾಕುವವಳೇ ಅಲ್ಲ. ಮಳೆಗಾಲದಲ್ಲಿ ಮರದ ಕೊಂಬೆಗಳ ಮೇಲೆ ಹುಟ್ಟುವ ಮರಗೆಸು ಸಿಕ್ಕರೆ ಅವಳಿಗೆ ಹಬ್ಬ.

ಮಜ್ಜಿಗೆ ಕೇಳಿದರೆ ಮೆನುವಿನಲ್ಲಿಲ್ಲ ಎಂದ ಹುಡುಗ. ಮೆನುವಿನಲ್ಲಿಲ್ಲ! ಮಲೆನಾಡಿನ ಅಜ್ಜಿಯ ಕೈರುಚಿಯ ಮನೆಯಲ್ಲಿ ಮಜ್ಜಿಗೆ ಇಲ್ಲ. ನಾನು ಮಗಳನ್ನು ಕರೆದುಕೊಂಡು ನೇರ ಅಡುಗೆಮನೆಗೆ ನುಗ್ಗಿದೆ. ಒಲೆಯ ಮುಂದೆ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ, ಅಸ್ಸಾಮಿನವನು. ಮಗಳು ಹಿಂದಿಯಲ್ಲಿ ವಿಷಯ ಹೇಳುವಷ್ಟರಲ್ಲಿ ಅಮ್ಮನೂ ಸೆರಗಿನಿಂದ ಬಾಯಿ ಒತ್ತಿಕೊಂಡು ಬಾಗಿಲಿಗೆ ಬಂದಳು. ಮೂಲೆಯಲ್ಲಿ ಬಿದ್ದಿದ್ದ ಎಲೆಯನ್ನು ತೋರಿಸಿ "ಕೆಸು" ಎಂದಳು. ಆ ಹುಡುಗ ಅದೇ ಎಲೆಯನ್ನು ತೋರಿಸಿ "ಕೊಸು" ಎಂದ. ಅಸ್ಸಾಮಿನಲ್ಲೂ ಇದನ್ನು ತಿನ್ನುತ್ತಾರೆ, ಹೆಸರೂ ಹೆಚ್ಚುಕಡಿಮೆ ಅದೇ, ಹುಳಿ ಹಾಕಿಯೇ ಬೇಯಿಸುತ್ತಾರೆ. ಅವನಿಗೆ ಎಲ್ಲ ಗೊತ್ತಿತ್ತು. ನಮ್ಮಮ್ಮನೂ ಇದಕ್ಕೆ ಹುಳಿ ಹಾಕದೆ ಇಳಿಸುವುದಿಲ್ಲ ಎಂದ. ಹಾಗಾದರೆ ಇಲ್ಲೇಕೆ ಹಾಕಲಿಲ್ಲ? ಹುಳಿ ಜಾಸ್ತಿಯಾದರೆ ಪೇಟೆಯಿಂದ ಬರುವವರು ತಟ್ಟೆಯಲ್ಲೇ ಬಿಡುತ್ತಾರೆ, ಬೆಲ್ಲ ಮುಂದಿರಲಿ ಎಂದು ಯಜಮಾನರ ಅಪ್ಪಣೆಯಂತೆ. ಎಲೆ ಎಲ್ಲಿಯದು ಎಂದರೆ ಕಿಟಕಿಯಾಚೆ ಪಾತ್ರೆ ತೊಳೆದ ನೀರು ಹರಿಯುವ ಕಡೆ ಕೈ ತೋರಿಸಿದ. ಆಮೇಲೆ ಡಬ್ಬಿಯಿಂದ ನಿಂಬೆ ಗಾತ್ರದ ಹುಣಸೆಹಣ್ಣು ತೆಗೆದು, ಒಂದು ತುಂಡು ಬೆಲ್ಲ ಸೇರಿಸಿ, ಎರಡೂ ಕೈಯಿಂದ ಅಮ್ಮನಿಗೆ ಕೊಟ್ಟ. ಆ ಮನೆಯಲ್ಲಿ ನಮಗೆ ಸಿಕ್ಕ ಸರಿಯಾದ ಪದಾರ್ಥ ಅದೊಂದೇ.

ಹೊರಡುವಾಗ ಕಸದ ಬುಟ್ಟಿಯಲ್ಲಿ ಇನ್‌ಸ್ಟಂಟ್ ಕಾಫಿಯ ಪೊಟ್ಟಣಗಳು ಕಂಡವು. ಬಾಬಾ ಬುಡನ್‌ಗಿರಿಯ ಕಾಫಿಗೂ ಚಿಕ್ಕಮಗಳೂರಿನ ಕಾಫಿಗೂ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕಿಟಕಿಯಾಚೆ ಗಿಡದ ತುಂಬ ಕಾಯಿ. ಲೋಟದಲ್ಲಿ ಪೊಟ್ಟಣದ ಪುಡಿ.

ಇನ್ನು ಬಿಲ್ಲು. ಅಮ್ಮನ ತುಟಿ ಸ್ವಲ್ಪ ದಪ್ಪಗಾಗುತ್ತಿತ್ತು, ಜಗಳಕ್ಕೆ ಅದು ಹೊತ್ತಲ್ಲ. ಯುಪಿಐ ಹೋಗಲಿಲ್ಲ, ಪರ್ಸಿನಲ್ಲಿದ್ದ ನಗದು ಕೊಟ್ಟು, ಬಿಲ್ಲಿನ ಫೋಟೋ ತೆಗೆದುಕೊಂಡು ಕಾರು ಹತ್ತಿದೆ. ಪತ್ರೊಡೆ ಎರಡು ತಟ್ಟೆ 480. ನೀರುದೋಸೆ ಎರಡು ತಟ್ಟೆ 360. ಅಕ್ಕಿ ರೊಟ್ಟಿ 160. ಕಾಫಿ ನಾಲ್ಕು 480. ನೀರು ಎರಡು ಬಾಟಲಿ 120. ಒಟ್ಟು 1,600. ಅದರ ಮೇಲೆ ಶೇಕಡಾ 10 ಸೇವಾ ಶುಲ್ಕ 160. ಎರಡೂ ಸೇರಿಸಿ ಅದರ ಮೇಲೆ ಶೇಕಡಾ 5 ಜಿಎಸ್‌ಟಿ 88. ಕೊಟ್ಟದ್ದು 1,848 ರೂಪಾಯಿ.

ದರ ಕೇಳದೆ ತಿಂದದ್ದು ನನ್ನ ತಪ್ಪು, 1,600ರ ಬಗ್ಗೆ ಸೊಲ್ಲೆತ್ತುವುದಿಲ್ಲ. ನೀರಿನ ಬಾಟಲಿಯ ಬಗ್ಗೆಯೂ ನೀವು ಕೂಗಾಡಲು ಹೋಗಬೇಡಿ. ಹೋಟೆಲಿನಲ್ಲಿ ಕೂರಿಸಿ ಬಡಿಸುವಾಗ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದೆಂದು 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಸೇವಾ ಶುಲ್ಕದ ಕಥೆ ಬೇರೆ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಸೇರಿಸಿ ಅದರ ಮೇಲೆ ಜಿಎಸ್‌ಟಿ ಹಾಕುವಂತೆಯೂ ಇಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಕೇಳುವುದು ನಿಮ್ಮ ಹಕ್ಕು, ಕೇಳಿ.

ಜಿಎಸ್‌ಟಿಯ ವಿಷಯ ಇನ್ನೂ ನಾಜೂಕು. ತೆರಿಗೆ ವಸೂಲಿ ಮಾಡುವ ಹೋಟೆಲಿನ ಬಿಲ್ಲಿನಲ್ಲಿ 15 ಅಕ್ಷರ, ಅಂಕಿಗಳ ನೋಂದಣಿ ಸಂಖ್ಯೆ ಇರಲೇಬೇಕು. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ಸಣ್ಣ ಪ್ರಮಾಣದ ತೆರಿಗೆ ಕಟ್ಟುವ, ಸಣ್ಣ ಹೋಟೆಲುಗಳು ತೆರಿಗೆಯನ್ನು ತಮ್ಮ ಕೈಯಿಂದ ಕಟ್ಟಬೇಕೇ ಹೊರತು ಗ್ರಾಹಕರಿಂದ ವಸೂಲಿ ಮಾಡುವಂತಿಲ್ಲ. ನನ್ನ ಬಿಲ್ಲಿನಲ್ಲಿ ಸಂಖ್ಯೆಯೇ ಇರಲಿಲ್ಲ. ಆಹಾರ ಪರವಾನಗಿಯ 14 ಅಂಕಿಯೂ ಇರಲಿಲ್ಲ. 2022ರ ಜನವರಿಯಿಂದ ಅದನ್ನು ಬಿಲ್ಲಿನಲ್ಲಿ ನಮೂದಿಸುವುದು ಕಡ್ಡಾಯ. ಇದ್ದದ್ದು ಗೊರಬಿನ ಚಿತ್ರ, ಅದರಡಿ 'ಮತ್ತೆ ಬನ್ನಿ'.

ಮುಂದಿನ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು ಬಾಯಿ, ಗಂಟಲು ನೋಡಿ, ಅರ್ಧ ಗಂಟೆ ಕೂರಿಸಿಕೊಂಡು, ಉಸಿರಾಟಕ್ಕೆ ತೊಂದರೆಯಿಲ್ಲ ಎಂದು ಖಾತ್ರಿ ಮಾಡಿಕೊಂಡು ಕಳಿಸಿದರು. ಕೆಸುವಿನ ತುರಿಕೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಆದರೆ ತುಟಿ, ನಾಲಿಗೆ ಬಾತರೆ, ಧ್ವನಿ ಒಡೆದರೆ, ಉಸಿರು ಕಟ್ಟಿದ ಹಾಗಾದರೆ ಹುಣಸೆಹಣ್ಣು, ಮಜ್ಜಿಗೆ ಎಂದು ಮನೆಮದ್ದು ಮಾಡುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಆಮೇಲೆ ಅಲ್ಲೇ ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಹೋದೆವು. ಸ್ವರ್ಗವೇನಲ್ಲ. ಬೆಂಚು ಅಲ್ಲಾಡುತ್ತಿತ್ತು, ಸಾಂಬಾರಿನಲ್ಲಿ ಬೇಳೆ ಹುಡುಕಬೇಕಾಗಿತ್ತು. ಆದರೆ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ದರಪಟ್ಟಿ ಇತ್ತು. ಕೂತವರೆಲ್ಲ ಅದೇ ಊರಿನವರು: ಲೈನ್‌ಮನ್, ಶಾಲೆಯ ಮಕ್ಕಳು, ಅಡಿಕೆ ಮಂಡಿಗೆ ಬಂದವರು. ಅಮ್ಮನ ಮುಖ ನೋಡಿಯೇ ಗಲ್ಲಾದಲ್ಲಿ ಕೂತಿದ್ದವರು, "ಕೆಸುವಾ?" ಎಂದು ಕೇಳಿ ದಪ್ಪ ಮಜ್ಜಿಗೆ ತರಿಸಿದರು. ಅದಕ್ಕೆ ದುಡ್ಡು ತೆಗೆದುಕೊಂಡರು, ತೆಗೆದುಕೊಳ್ಳಬೇಕಾದದ್ದೇ.

ಊರಿನ ಊಟ ಬೇಕೆಂದರೆ ಆ ಊರಿನವರು ಕೂತಲ್ಲಿ ಕೂರುವುದು, ಕೂರುವ ಮೊದಲು ದರ ಕೇಳುವುದು, ಇವೆರಡನ್ನು ಈಗ ಸಂಕೋಚವಿಲ್ಲದೆ ಮಾಡುತ್ತೇನೆ. ಪತ್ರೊಡೆಯಾದರೆ ಎಲೆ ಎಲ್ಲಿಯದು, ಹುಳಿ ಹಾಕಿದ್ದೀರಾ ಎಂದು ಕೇಳುತ್ತೇನೆ. ಕಳಲೆಯಾದರೆ, ಅಂದರೆ ಬಿದಿರಿನ ಎಳೆ ಮೊಳಕೆಯಾದರೆ, ಎಷ್ಟು ದಿನ ನೆನೆಹಾಕಿದ್ದು ಎಂದು ಕೇಳುತ್ತೇನೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿರುತ್ತದೆ, ಹೆಚ್ಚಿ ಮೂರು ದಿನ ನೀರಿನಲ್ಲಿಟ್ಟು ದಿನವೂ ನೀರು ಬದಲಿಸಿ, ಚೆನ್ನಾಗಿ ಬೇಯಿಸುವುದು ನಮ್ಮ ಕಡೆಯ ರೂಢಿ. ಮಾಡಿದವರಿಗೆ ಈ ಪ್ರಶ್ನೆಗೆ ಉತ್ತರ ಕೊಡಲು ಅರ್ಧ ನಿಮಿಷ ಸಾಕು. ಒಳಗೆ ಕೇಳಿ ಬರುತ್ತೇನೆ ಎಂದು ಹೋದವರು ಬರುವಷ್ಟರಲ್ಲಿ ಎದ್ದುಬಿಡಿ. ಕಾಡಿನ ಅಣಬೆಯನ್ನು ಪರಿಚಯವಿಲ್ಲದ ಕಡೆ ನಾನು ಕೇಳುವುದೂ ಇಲ್ಲ, ತಿನ್ನುವುದೂ ಇಲ್ಲ.

ಶೃಂಗೇರಿ ತಲುಪಿದ ಮೇಲೆ, ಸಿಗ್ನಲ್ ಸಿಕ್ಕಾಗ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಕನ್ನಡದಲ್ಲೇ ಮಾತಾಡಿದೆ. ಬಿಲ್ಲಿನ ಫೋಟೋ ಇದ್ದದ್ದು ಅನುಕೂಲವಾಯಿತು. ಜೊತೆಗೆ ಆ ಜಾಗದ ಪುಟದಲ್ಲಿ ಒಂದು ಸ್ಟಾರ್ ಕೊಟ್ಟು ನಡೆದದ್ದನ್ನೆಲ್ಲ ಬರೆದೆ, ಅಡುಗೆಯ ಹುಡುಗನ ಮಾತೊಂದನ್ನು ಬಿಟ್ಟು, ಅವನ ಕೆಲಸಕ್ಕೆ ಸಂಚಕಾರ ಬರಬಾರದೆಂದು. ಸುಮಾರು ಒಂದು ತಿಂಗಳಿಗೆ 248 ರೂಪಾಯಿ ನನ್ನ ಖಾತೆಗೆ ಬಂತು: ಸೇವಾ ಶುಲ್ಕ 160, ತೆರಿಗೆ ಎಂದು ಹಿಡಿದದ್ದು 88. ಮರುದಿನವೇ ಒಂದು ಸಂದೇಶ: "ಸರ್, ಹಣ ವಾಪಸ್ ಕೊಟ್ಟಿದ್ದೇವೆ, ದಯವಿಟ್ಟು ನಿಮ್ಮ ಅಭಿಪ್ರಾಯ ತೆಗೆದುಹಾಕಿ. ಮುಂದಿನ ಸಲ ಬಂದಾಗ ಅಮ್ಮನವರಿಗೆ ನಮ್ಮ ಕಡೆಯಿಂದ ಒಂದು ತಟ್ಟೆ ಪತ್ರೊಡೆ ಉಚಿತ."

ಅದನ್ನು ಅಮ್ಮನಿಗೆ ಓದಿ ಹೇಳಿದೆ. "ಹುಳಿ ಹಾಕುತ್ತಾರಂತಾ ಕೇಳು" ಎಂದಳು. ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.