ಕಮಾನು ಗಾಡಿಯೋ, ಚಿಕ್ಕ ರೈಲೋ? ಪುಟ್ಟ ಮಕ್ಕಳಿಗೆ ಹಳೇ ಕಾಲದ ಪ್ರಯಾಣ ತೋರಿಸಲು ಮೂರು ಪುಸ್ತಕ

ಚಿಕ್ಕ ಮಕ್ಕಳಿಗೆ ಇತಿಹಾಸ ಅಂದರೆ ರಾಜರ ಕಥೆಯಿಂದ ಶುರು ಮಾಡುವುದು ನಮ್ಮಲ್ಲಿ ರೂಢಿ. ನನಗೆ ಪ್ರಯಾಣದ ಕಥೆ ಅದಕ್ಕಿಂತ ಸುಲಭ ಅನ್ನಿಸುತ್ತದೆ. ಅಪ್ಪ, ಅಮ್ಮ, ಗಂಟುಮೂಟೆ, ಬುತ್ತಿ, ನಿದ್ದೆ, 'ಇನ್ನೂ ಎಷ್ಟು ದೂರ' ಅನ್ನುವ ರಗಳೆ. ಇದೆಲ್ಲ ಮಗುವಿಗೆ ಮೊದಲೇ ಗೊತ್ತು. ಗಾಡಿ ಮಾತ್ರ ಹೊಸದು.

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಕಥೆ ಕೇಳುವವರು ಇಬ್ಬರು. ನನ್ನ ಮಗಳಿಗೆ ನಾಲ್ಕು ವರ್ಷ, ಅಕ್ಕನ ಮಗನಿಗೆ ಏಳು. ಇವರ ಮುಂದೆ ಮೂರು ಪುಸ್ತಕ ಇಟ್ಟು ನೋಡಿದೆ. ಮೊದಲನೆಯದು ಅಮೆರಿಕದ್ದು. ಒಂದು ಕುಟುಂಬ ಕಮಾನು ಗಾಡಿ ಕಟ್ಟಿಕೊಂಡು ದೇಶದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಕಥೆ. ಅಲ್ಲಿರುವ ನೆಂಟರು ಕೊಟ್ಟಿದ್ದು. ಎರಡನೆಯದು ಕನ್ನಡದ್ದೇ, ಚಕ್ರದಿಂದ ರಾಕೆಟ್‌ವರೆಗೆ ಸಾರಿಗೆಯ ಕಥೆ. ಮೂರನೆಯದು ಮನೆಯಲ್ಲೇ ಮಾಡಿದ್ದು. ನಮ್ಮತ್ತೆ ಚಿಕ್ಕವರಿದ್ದಾಗ ಶಿಡ್ಲಘಟ್ಟದಿಂದ ಶ್ರೀನಿವಾಸಪುರಕ್ಕೆ ಚಿಕ್ಕ ರೈಲಿನಲ್ಲಿ ಹೋಗುತ್ತಿದ್ದ ಕಥೆ. ಇಂಗ್ಲಿಷ್ ಪುಸ್ತಕವನ್ನೂ ನಾನು ಕನ್ನಡದಲ್ಲೇ ಹೇಳಿದೆ.

ಮನೆಯ ಪುಸ್ತಕವೇ ಗೆದ್ದಿರುತ್ತದೆ ಅಂತ ನೀವು ಈಗಾಗಲೇ ಅಂದುಕೊಂಡಿರಬಹುದು. ಅಷ್ಟು ಸಲೀಸಲ್ಲ.

ಸಾರಿಗೆಯ ಪುಸ್ತಕದ ಮಾತು ಬೇಗ ಮುಗಿಸುತ್ತೇನೆ. ಚಿತ್ರಗಳು ಚೆನ್ನಾಗಿವೆ, ಕಾಗದ ದಪ್ಪ, ಬೆಲೆ ಕಡಿಮೆ. ಪಲ್ಲಕ್ಕಿ, ಎತ್ತಿನ ಬಂಡಿ, ಜಟಕಾ, ಹಡಗು, ವಿಮಾನ ಎಲ್ಲ ಇವೆ. ಮನುಷ್ಯರೇ ಇಲ್ಲ. ಇದ್ದರೂ ಯಾರೋ ಒಬ್ಬ ಗಾಡಿ ಹೊಡೆಯುವವನು, ಅವನಿಗೆ ಹೆಸರಿಲ್ಲ, ಹೋಗಬೇಕಾದ ಊರೂ ಇಲ್ಲ. ನಾಲ್ಕು ವರ್ಷದವಳು ಬೆರಳಿಟ್ಟು 'ಇದು ಬಸ್ಸು, ಇದು ಹಡಗು' ಅಂದಳು, ಮುಗಿಯಿತು. ಇನ್ನೊಂದು ತೊಂದರೆ ದೊಡ್ಡವರ ಕಣ್ಣಿಗೆ ಬೀಳುವುದಿಲ್ಲ. ಒಂದು ಪುಟದಲ್ಲಿ ಬಂಡಿ ಬಲಕ್ಕೆ ಮುಖ ಮಾಡಿದೆ, ಮುಂದಿನ ಪುಟದಲ್ಲಿ ಎಡಕ್ಕೆ. 'ವಾಪಸ್ ಬರ್ತಿದ್ದಾರಾ?' ಅಂತ ಮಗಳು ಕೇಳಿದಳು. ನಾವು ಎಡದಿಂದ ಬಲಕ್ಕೆ ಓದುವವರು. ಗಾಡಿ ಬಲಕ್ಕೆ ಹೋದರೆ ಪುಟ ತಿರುಗಿಸುವ ಕೈಯೂ ಅದರ ಜೊತೆ ಹೋಗುತ್ತದೆ. ಒಳ್ಳೆ ಚಿತ್ರಪುಸ್ತಕ ಮಾಡುವವರು ಇದನ್ನು ಸುಮ್ನೆ ಬಿಡುವುದಿಲ್ಲ. ಹಾಗಂತ ಈ ಪುಸ್ತಕ ದಂಡ ಅಂತಲ್ಲ. ವಾಹನಗಳ ಹುಚ್ಚಿರುವ ಮಗುವಿಗೆ ಕೊಡಬಹುದು. ನನಗೆ ಬೇಕಿದ್ದದ್ದು ಅದಲ್ಲ.

ಕಮಾನು ಗಾಡಿಯ ಪುಸ್ತಕಕ್ಕೆ ಬರೋಣ. ಇದರ ಹಿಂದಿರುವುದು 1840ರಿಂದ 1860ರ ದಶಕದವರೆಗೆ ನಡೆದ ನಿಜವಾದ ವಲಸೆ. ಅಮೆರಿಕದ ನಡುಭಾಗದ ಮಿಸೌರಿ ಕಡೆಯಿಂದ ಪಶ್ಚಿಮದ ಆರೆಗಾನ್‌ವರೆಗೆ ಸುಮಾರು 3,200 ಕಿಲೋಮೀಟರ್. ದಿನಕ್ಕೆ 20-25 ಕಿಲೋಮೀಟರ್ ಸಾಗಿದರೆ ಹೆಚ್ಚು. ಮುಟ್ಟಲು ನಾಲ್ಕರಿಂದ ಆರು ತಿಂಗಳು. ಎತ್ತುಗಳಿಗೆ ದಾರಿಯಲ್ಲಿ ಹುಲ್ಲು ಸಿಗಬೇಕು ಅಂತ ವಸಂತ ಬಂದ ಮೇಲೇ ಹೊರಡುತ್ತಿದ್ದರು. ಹಿಮ ಬೀಳುವ ಮೊದಲು ಬೆಟ್ಟ ದಾಟಿಬಿಡಬೇಕಿತ್ತು. 1869ರಲ್ಲಿ ಆ ದೇಶದ ಪೂರ್ವ ಪಶ್ಚಿಮವನ್ನು ರೈಲು ಕೂಡಿಸಿದ ಮೇಲೆ ಗಾಡಿಯಲ್ಲಿ ಹೋಗುವವರು ಕಡಿಮೆಯಾದರು.

ಈ ಇಸವಿಗಳಲ್ಲಿ ಒಂದನ್ನೂ ನಾನು ಮಕ್ಕಳಿಗೆ ಹೇಳಲಿಲ್ಲ. ಪುಸ್ತಕವೂ ಕಥೆಯ ಮಧ್ಯೆ ಹೇಳುವುದಿಲ್ಲ, ಕೊನೆಯ ಪುಟದಲ್ಲಿ ದೊಡ್ಡವರಿಗೆ ಅಂತ ಇಟ್ಟಿದೆ. ಸರಿಯಾದ ಜಾಗ ಅದೇ. ಬದಲಿಗೆ ಅದು ತೋರಿಸುವುದು ಏನೇನು ಗೊತ್ತಾ? ಹಾಲಿನ ಪಾತ್ರೆಯನ್ನು ಗಾಡಿಗೆ ನೇತುಹಾಕುತ್ತಾರೆ. ದಿನವಿಡೀ ಕುಲುಕಾಟ. ಸಂಜೆ ಹೊತ್ತಿಗೆ ಬೆಣ್ಣೆ ಬಂದಿರುತ್ತದೆ. ಮರವೇ ಇಲ್ಲದ ಬಯಲಿನಲ್ಲಿ ಒಲೆ ಉರಿಸಲು ಮಕ್ಕಳು ಒಣಗಿದ ಕಾಡೆಮ್ಮೆ ಸಗಣಿ ಆರಿಸಿ ತರುತ್ತಾರೆ. ಇಲ್ಲಿ ಏಳು ವರ್ಷದವನು ಎದ್ದು ಕೂತ. 'ನಮ್ಮ ಬೆರಣಿ!' ಅವರ ಊರಿನ ಅಜ್ಜಿ ಮನೆಯಲ್ಲಿ ಗೋಡೆ ತುಂಬ ಬೆರಣಿ ತಟ್ಟಿರುತ್ತಾರೆ. ಗಾಡಿಯ ಹಿಂದೆ ಒಂದು ಬಕೆಟ್ ತೂಗಾಡುತ್ತಿರುತ್ತದೆ, ಅದರಲ್ಲಿ ಅಚ್ಚಿಗೆ ಹಚ್ಚುವ ಟಾರು, ಕೊಬ್ಬು. ನಮ್ಮತ್ತೆ ಅಡುಗೆಮನೆಯಿಂದಲೇ 'ನಮ್ಮ ಬಂಡಿಗೂ ಕೀಲೆಣ್ಣೆ ಗೊಟ್ಟ ಕಟ್ಟಿರುತ್ತಿದ್ದರು' ಅಂದರು. ಒಣ ಹವೆಗೆ ಚಕ್ರದ ಮರ ಕುಗ್ಗಿ ಕಬ್ಬಿಣದ ಪಟ್ಟೆ ಸಡಿಲಾದಾಗ ಆ ಅಮೆರಿಕದವರು ಚಕ್ರವನ್ನು ಹೊಳೆಯಲ್ಲಿ ನೆನೆಹಾಕುತ್ತಿದ್ದರಂತೆ. ಕೋಲಾರ ಸೀಮೆಯ ಬಿಸಿಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪುಸ್ತಕದ ಒಂದು ಚಿತ್ರದಲ್ಲಿ ಗಾಡಿ ತುಂಬ ಹಿಟ್ಟಿನ ಮೂಟೆ, ಉಪ್ಪು ಹಚ್ಚಿದ ಮಾಂಸ, ಕಾಫಿ, ಸಲಕರಣೆ, ಹಾಸಿಗೆ. ಹುಡುಗನ ಪ್ರಶ್ನೆ, 'ಜನ ಎಲ್ಲಿ ಕೂರ್ತಾರೆ?' ಆ ಗಾಡಿಯ ತೊಟ್ಟಿ ಸುಮಾರು 10 ಅಡಿ ಉದ್ದ, 4 ಅಡಿ ಅಗಲ. ಹಜಾರದಲ್ಲಿ ಸೀಮೆಸುಣ್ಣದಿಂದ ಅಷ್ಟಗಲ ಗೆರೆ ಎಳೆದೆ. ಮನೆಯಲ್ಲಿದ್ದ ಅಕ್ಕಿ ಮೂಟೆ, ಹಾಸಿಗೆ, ಟ್ರಂಕು ಎಲ್ಲ ತಂದು ಅದರೊಳಗೆ ಇಟ್ಟರು. ಕೂರಲು ಜಾಗ ಉಳಿಯಲಿಲ್ಲ. ನಿಜಕ್ಕೂ ಅವರಲ್ಲಿ ಬಹುತೇಕರು ನಡೆದೇ ಹೋದರು, ಮಕ್ಕಳೂ ಸೇರಿ. ಇಷ್ಟನ್ನು ಮಾತಿನಲ್ಲಿ ಹೇಳಿದ್ದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದರು.

ಪುಸ್ತಕದ ಕೊರತೆ ಹೊಳೆ ದಾಟುವ ಪುಟದಲ್ಲಿದೆ. ಆಚೆ ದಡದಲ್ಲಿ ಆ ನೆಲದ ಮೂಲ ಜನ ನಿಂತು ನೋಡುತ್ತಿದ್ದಾರೆ. ಅವರ ಬಗ್ಗೆ ಒಂದು ಸಾಲೂ ಇಲ್ಲ. 'ಅದು ಅವರ ಊರಾ? ಇವರು ಕೇಳಿಕೊಂಡು ಹೋದ್ರಾ?' ಅಂದ ಹುಡುಗ. ಕೇಳಿಕೊಂಡು ಹೋಗಲಿಲ್ಲ, ಹೀಗೇ ಜನ ಬಂದು ಬಂದು ಅವರ ನೆಲ ಅವರಿಗೆ ಇಲ್ಲದ ಹಾಗಾಯಿತು ಅಂತ ಹೇಳಿದೆ. ಆ ಮಾತು ಪುಸ್ತಕದಲ್ಲೇ ಇರಬೇಕಿತ್ತು. ದಾರಿಯಲ್ಲಿ ಕಾಲರಾ ಬಂದು ಸತ್ತವರ ವಿಷಯವನ್ನೂ ಬಿಟ್ಟಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ನಾಲ್ಕು ವರ್ಷದವಳು ರಾತ್ರಿ ಮಲಗಬೇಕಲ್ಲ.

ಈಗ ನಮ್ಮದು. ಬಂಗಾರಪೇಟೆಯಿಂದ ಕೋಲಾರಕ್ಕೆ ಚಿಕ್ಕ ರೈಲು ಬಂದದ್ದು 1913ರಲ್ಲಿ. ಆಗ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಅಂತ ಹೆಸರು. ಆಮೇಲೆ ಹಳಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಅಂತ ಬೆಳೆದು ಯಲಹಂಕದ ಕಡೆಗೆ ಹೋಯಿತು. ನಮ್ಮತ್ತೆಗೆ ಈ ಇಸವಿ ಬೇಡ. ಅವರಿಗೆ ನೆನಪಿರುವುದು ಮಾವಿನ ಕಾಲದಲ್ಲಿ ಅಜ್ಜಿ ಮನೆಗೆ ಹೋಗಿದ್ದು. ಕಬ್ಬಿಣದ ಟ್ರಂಕು, ಸುತ್ತಿದ ಹಾಸಿಗೆ, ತಿರುಗಿಸಿ ಮುಚ್ಚುವ ಹಿತ್ತಾಳೆ ಕೂಜ, ಮುತ್ತುಗದ ಎಲೆಯಲ್ಲಿ ಕಟ್ಟಿದ ಚಿತ್ರಾನ್ನ. ಸ್ಟೇಷನ್‌ಗೆ ಜಟಕಾ. ಬೆರಳುದ್ದದ ರಟ್ಟಿನ ಟಿಕೆಟ್, ಅದರ ಮೇಲೆ ಟಕ್ ಅಂತ ತಾರೀಖು ಒತ್ತುವ ಮಿಷನ್. ಎಂಜಿನ್ ನಿಂತು ನೀರು ಕುಡಿಯುವುದು. ಕಿಟಕಿಗೆ ಮುಖ ಕೊಟ್ಟರೆ ಕಣ್ಣಿಗೆ ಕಲ್ಲಿದ್ದಲ ಪುಡಿ. ಇವೇ ಪುಟಗಳಾದವು. ನೆಂಟರ ಹುಡುಗಿಯೊಬ್ಬಳು ಚಿತ್ರ ಬಿಡಿಸಿದಳು. ಸ್ಟೇಷನ್ ಹೇಗಿತ್ತು ಅಂತ ತಿಳಿಯಲು ಅದೇ ದಾರಿಯ ನಂದಿ ಹಾಲ್ಟ್ ಸ್ಟೇಷನ್‌ನ ಹಳೇ ಕಟ್ಟಡ ನೋಡಿಕೊಂಡು ಬಂದಳು.

ಎಂಜಿನ್ ನೀರು ಕುಡಿಯುವ ಪುಟ ಬಂದರೆ ಮಗಳು ಮುಂದೆ ಹೋಗಲು ಬಿಡುವುದಿಲ್ಲ. ಈ ಪುಸ್ತಕಕ್ಕೆ ಬರುವ ಪ್ರಶ್ನೆಗಳೂ ಜಾಸ್ತಿ. 'ಚಿತ್ರಾನ್ನ ಚೆಲ್ಲಿತಾ?' 'ರೈಲಲ್ಲಿ ಸುಸ್ಸು ಎಲ್ಲಿ?' ಉತ್ತರ ಕೊಡಲು ಪ್ರಯಾಣ ಮಾಡಿದವರೇ ಪಕ್ಕದಲ್ಲಿ ಕೂತಿದ್ದಾರೆ. ಬೇರೆ ಯಾವ ಪುಸ್ತಕಕ್ಕೂ ಈ ಅನುಕೂಲ ಇಲ್ಲ.

ಇಲ್ಲೂ ಸೀಮೆಸುಣ್ಣ ಕೆಲಸಕ್ಕೆ ಬಂತು. ಚಿಕ್ಕ ರೈಲಿನ ಹಳಿಗಳ ನಡುವೆ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಈಗಿನ ದೊಡ್ಡ ರೈಲಿನ ಬ್ರಾಡ್‌ಗೇಜ್ ಹಳಿಗೆ ಐದೂವರೆ ಅಡಿ, 1,676 ಮಿಲಿಮೀಟರ್. ಎರಡನ್ನೂ ನೆಲದ ಮೇಲೆ ಬರೆದೆ. ಮಗಳು ಚಿಕ್ಕ ಹಳಿಗೆ ಅಡ್ಡ ಮಲಗಿದಳು, ಕಾಲು ಆಚೆ ಬಂತು. ದೊಡ್ಡ ಹಳಿಯಲ್ಲಿ ನಮ್ಮತ್ತೆಯೇ ಮಲಗಬಹುದಿತ್ತು. ಕೋಲಾರ ಚಿಕ್ಕಬಳ್ಳಾಪುರದ ನಡುವೆ ಬ್ರಾಡ್‌ಗೇಜ್ ರೈಲು ಓಡಲು ಶುರುವಾಗಿದ್ದು 2013ರಲ್ಲಿ. ಮುಂದೊಂದು ದಿನ ಮಕ್ಕಳನ್ನು ಅದೇ ರೈಲಿನಲ್ಲಿ ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆವು. ಡಬ್ಬಿ ಹತ್ತುವ ಮೊದಲು ಇಬ್ಬರೂ ಬಗ್ಗಿ ಹಳಿ ನೋಡಿದರು.

ಆದರೆ ಇದು ಏಳು ವರ್ಷದವನನ್ನು ಅಷ್ಟು ಹಿಡಿದಿಡಲಿಲ್ಲ. ಅವನ ದೂರು ನ್ಯಾಯವಾದದ್ದೇ. 'ಏನೂ ಆಗಲ್ಲ. ಹತ್ತಿದ್ರು, ಇಳಿದ್ರು.' ಕಮಾನು ಗಾಡಿಯಲ್ಲಿ ಹೊಳೆ ಇದೆ, ಬೆಟ್ಟ ಇದೆ, ಮುಟ್ಟುತ್ತಾರೋ ಇಲ್ಲವೋ ಅನ್ನುವ ದಿಗಿಲಿದೆ. ನಮ್ಮದರಲ್ಲಿ ದೊಡ್ಡ ಕಷ್ಟ ಅಂದರೆ ಕಣ್ಣಿಗೆ ಬಿದ್ದ ಪುಡಿ. ಅವನಿಗಾಗಿ ಇದ್ದಿಲು ಬಸ್ಸಿನ ಒಂದು ಪುಟ ಸೇರಿಸಿದೆವು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸಿನ ಹಿಂದೆ ಒಲೆ ಕಟ್ಟಿ, ಇದ್ದಿಲ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಏರು ಬಂದರೆ ಜನ ಇಳಿದು ತಳ್ಳುತ್ತಿದ್ದರಂತೆ, ಇದು ನಮ್ಮತ್ತೆಯ ತಂದೆ ಹೇಳುತ್ತಿದ್ದ ಕಥೆ. ಆ ಪುಟ ಮಾತ್ರ ಅವನಿಗೆ ಬಾಯಿಪಾಠ.

ಚಿತ್ರದ ವಿಷಯದಲ್ಲಿ ಮನೆಯ ಪುಸ್ತಕ ಸೋತಿತು, ಇದನ್ನು ಮುಚ್ಚಿಡುವುದಿಲ್ಲ. ಒಂದೇ ಹುಡುಗಿಯ ಮುಖವನ್ನು ಹದಿನಾರು ಪುಟದಲ್ಲಿ ಒಂದೇ ಥರ ಬಿಡಿಸುವುದು ಪಳಗಿದ ಕೈಗೆ ಮಾತ್ರ ಆಗುವ ಕೆಲಸ. 'ಇದ್ಯಾರು? ಅಜ್ಜಿ ಎಲ್ಲಿ ಹೋದ್ರು?' ಅಂತ ಮಗಳು ನಡುವೆ ಕೇಳುತ್ತಿರುತ್ತಾಳೆ. ಅಂಗಿಗೆ ಎಲ್ಲ ಪುಟದಲ್ಲೂ ಕೆಂಪು ಬಣ್ಣ ಹಾಕಿದ ಮೇಲೆ ಕೇಳುವುದು ಸ್ವಲ್ಪ ಕಡಿಮೆಯಾಯಿತು. ಅಮೆರಿಕದ ಪುಸ್ತಕದಲ್ಲಿ ಬಯಲಿನ ಒಂದು ಸೂರ್ಯಾಸ್ತ ಇದೆ, ಎರಡು ಪುಟಕ್ಕೆ ಹರಡಿದೆ, ಗಾಡಿ ಒಂದು ಮೂಲೆಯಲ್ಲಿ ಇರುವೆಯಷ್ಟು. ದೂರ ಅಂದರೆ ಏನು ಅಂತ ಹೇಳಲು ಅಲ್ಲಿ ಮಾತು ಬೇಕಾಗಿಲ್ಲ. ನಮ್ಮ ಕೈಯಲ್ಲಿ ಅದು ಆಗುವುದಿಲ್ಲ.

ಕಾಲದ ಅಂದಾಜು ಕೊಡುವುದರಲ್ಲಿ ನಮ್ಮದೇ ಮೇಲು. ನೂರೈವತ್ತು ವರ್ಷದ ಹಿಂದೆ ಅಂದರೆ ನಾಲ್ಕು ವರ್ಷದವಳಿಗೆ ನಿನ್ನೆಯೂ ಒಂದೇ, ನೂರೈವತ್ತೂ ಒಂದೇ. 'ಅಜ್ಜಿ ನಿನ್ನಷ್ಟಿದ್ದಾಗ' ಅಂದರೆ ಅವಳು ಅಜ್ಜಿಯ ಮುಖ ನೋಡುತ್ತಾಳೆ, ಪುಸ್ತಕದ ಹುಡುಗಿಯನ್ನು ನೋಡುತ್ತಾಳೆ, ನಂಬಲೋ ಬೇಡವೋ ಅಂತ ಯೋಚಿಸುತ್ತಾಳೆ. ಆ ಯೋಚನೆ ಶುರುವಾದರೆ ನನಗೆ ಸಾಕು.

ಹಾಗಾದರೆ ಯಾವುದು ತರಬೇಕು? ಐದು ವರ್ಷದೊಳಗಿನ ಮಗುವಿಗೆ ಮನೆಯ ಪುಸ್ತಕ ಮಾಡಿ. ಚಿತ್ರ ಕೆಟ್ಟದಾದರೂ ಪರವಾಗಿಲ್ಲ, ಹೇಳುವ ಅಜ್ಜಿಯೋ ತಾತನೋ ಹತ್ತಿರ ಇರಬೇಕು, ಅಷ್ಟೇ. ಅವರು ದೂರದ ಊರಲ್ಲಿದ್ದರೆ ಇದರ ಅರ್ಧ ಬಲ ಹೋಗುತ್ತದೆ. ಆರು, ಏಳು ಆದ ಮೇಲೆ ಕಮಾನು ಗಾಡಿಯಂಥ ದೊಡ್ಡ ಪ್ರಯಾಣದ ಕಥೆ ಕೊಡಿ, ಪಕ್ಕದಲ್ಲಿ ಕೂತು ಓದಿ. ಆ ದೇಶ ನಮಗೆ ಸಂಬಂಧವಿಲ್ಲ ಅಂತ ಬಿಡಬೇಡಿ. ಬೆರಣಿ, ಬೆಣ್ಣೆ, ಕೀಲೆಣ್ಣೆ ಎಲ್ಲ ಇದ್ದ ಮೇಲೆ ಸಂಬಂಧ ತಾನಾಗಿ ಬರುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಕಥೆಯ ಮಧ್ಯೆ ಇಸವಿ ತುರುಕಿದ್ದಾರಾ, ಮಂದಿ ಏನು ತಿಂದರು ಎಲ್ಲಿ ಮಲಗಿದರು ಅಂತ ತೋರಿಸಿದ್ದಾರಾ, ಗಾಡಿ ಒಂದೇ ದಿಕ್ಕಿಗೆ ಹೋಗುತ್ತದಾ, ಇಷ್ಟು ನೋಡಿದರೆ ಆಯಿತು.

ಚಿತ್ರ ಬಿಡಿಸುವವರು ಯಾರೂ ಇಲ್ಲದಿದ್ದರೆ ಮಕ್ಕಳ ಪುಸ್ತಕ ತರುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಮುಕ್ತ ಪರವಾನಗಿಯ ಚಿತ್ರಗಳಿವೆ. ಬಿಡಿಸಿದವರ ಹೆಸರು ಹಾಕಿ ಬಳಸಬಹುದು. ಆದರೆ ನಿಮ್ಮ ಅಜ್ಜಿಯ ಸ್ಟೇಷನ್ ಅಲ್ಲಿ ಸಿಗುವುದು ಕಷ್ಟ. ಹಾಳೆ ಮಡಚಿ ಪುಸ್ತಕ ಮಾಡುವುದಾದರೆ ಪುಟಗಳ ಲೆಕ್ಕ ನಾಲ್ಕರ ಮಗ್ಗಿಯಲ್ಲಿ ಇರಲಿ, ಹದಿನಾರು ಸಾಕು. ಕಲರ್ ಜೆರಾಕ್ಸ್‌ಗೆ ದಪ್ಪ ಕಾಗದ ಕೇಳಿ. ಸ್ಟೇಪ್ಲರ್ ಪಿನ್ ಬೇಡ, ದಪ್ಪ ದಾರದಲ್ಲಿ ಹೊಲಿಯಿರಿ. ನಾಲ್ಕು ವರ್ಷದ ಕೈಗೆ ಸಿಕ್ಕ ಪಿನ್ ಸೀದಾ ಬಾಯಿಗೆ ಹೋಗುತ್ತದೆ.