379 ರೂಪಾಯಿಯ ಅಡುಗೆಮನೆ ತಕ್ಕಡಿ: ಎರಡೂವರೆ ವರ್ಷ ಬಳಸಿದ ಮೇಲೆ

ತೂಕ ಇಳಿಸಲು ತಿನ್ನುವುದನ್ನು ತೂಗಿ ನೋಡೋಣ ಅಂತ ಆನ್‌ಲೈನಲ್ಲಿ 379 ರೂಪಾಯಿ ಕೊಟ್ಟು ತರಿಸಿದ ಡಿಜಿಟಲ್ ತಕ್ಕಡಿ ಇದು. 10 ಕೆಜಿವರೆಗೆ ತೂಗುತ್ತದೆ, ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ, ಎರಡು ಸಣ್ಣ ಸೆಲ್ ಹಾಕಬೇಕು. ಇಂಥವು ಹತ್ತಾರು ಹೆಸರಲ್ಲಿ ಸಿಗುತ್ತವೆ, ಒಳಗಿರುವುದು ಹೆಚ್ಚುಕಡಿಮೆ ಒಂದೇ, ಹಾಗಾಗಿ ಕಂಪನಿ ಹೆಸರು ಹೇಳಿ ಪ್ರಯೋಜನ ಇಲ್ಲ. ಕೊಂಡ ವಾರಕ್ಕೇ ಐದು ಸ್ಟಾರ್ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ನಾನು ಎರಡೂವರೆ ವರ್ಷ ಕಾದು ಬರೆಯುತ್ತಿದ್ದೇನೆ. ತೂಕ ಇಳಿಸುವ ವಿಷಯದಲ್ಲಿ ಮೊದಲ ಮೂರು ತಿಂಗಳಲ್ಲಿ ಯಾರು ಏನು ಹೇಳಿದರೂ ನಾನು ನಂಬುವುದಿಲ್ಲ. ನಾನೇ ಹೇಳಿದ್ದರೂ ಅಷ್ಟೇ.

ಯಾಕೆಂದರೆ ನಾನು ಮೂರು ಸಲ ಇಳಿದು ಮೂರು ಸಲ ಏರಿದವಳು. ಮೊದಲು ನಮ್ಮ ಏರಿಯಾದ ಒಂದು ಶೇಕ್ ಕುಡಿಸುವ ಕ್ಲಬ್ಬು. ಬೆಳಿಗ್ಗೆ ಒಂದು ಗ್ಲಾಸ್, ರಾತ್ರಿ ಒಂದು ಗ್ಲಾಸ್, ಜೊತೆಗೆ ಚಪ್ಪಾಳೆ. ಎರಡು ತಿಂಗಳಲ್ಲಿ 6 ಕೆಜಿ ಇಳಿದೆ, ಡಬ್ಬಿ ಖಾಲಿಯಾಯಿತು, ಮುಂದಿನ ಡಬ್ಬಿಗೆ ಕೊಡಲು ದುಡ್ಡು ಬರಲಿಲ್ಲ, ವರ್ಷ ತುಂಬುವಷ್ಟರಲ್ಲಿ 8 ಕೆಜಿ ವಾಪಸ್. ಆಮೇಲೆ ಕೀಟೊ, ಅಂದರೆ ಅನ್ನ ರೊಟ್ಟಿ ಬಿಟ್ಟು ಕೊಬ್ಬು ತಿನ್ನುವ ಡಯಟ್. ದಾವಣಗೆರೆಯಲ್ಲಿ ಕೂತು ಬೆಣ್ಣೆ ತಿನ್ನಬಹುದು, ದೋಸೆ ಮಾತ್ರ ತಿನ್ನಬಾರದು ಅಂದರೆ ಹೇಗಿರುತ್ತದೆ ಯೋಚನೆ ಮಾಡಿ. ಮೊದಲ ವಾರವೇ ಮೂರು ಕೆಜಿ ಇಳಿದಾಗ ಕುಣಿದಾಡಿದ್ದೆ. ಅದರಲ್ಲಿ ಬಹುಪಾಲು ನೀರು ಅಂತ ಆಮೇಲೆ ಗೊತ್ತಾಯಿತು. ನಮ್ಮ ಮೈಯಲ್ಲಿ ಕೂಡಿಟ್ಟಿರುವ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಒಂದೊಂದು ಗ್ರಾಂ ಕೂಡ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದಂತೆ. ಅನ್ನ ರೊಟ್ಟಿ ಬಿಟ್ಟರೆ ಅದು ಖಾಲಿಯಾಗುತ್ತದೆ, ನೀರೂ ಹೋಗುತ್ತದೆ. ಹಬ್ಬದಲ್ಲಿ ಎರಡು ಹೋಳಿಗೆ ತಿಂದರೆ ಎರಡೂ ಮನೆಗೆ ವಾಪಸ್. ಮೂರನೆಯದು ಹದಿನಾರು ಗಂಟೆ ಉಪವಾಸ. ಅದರ ಬಗ್ಗೆ ಹೇಳೋಕೆ ಏನೂ ಇಲ್ಲ, ಆಫೀಸಲ್ಲಿ ಎಲ್ಲರ ಮೇಲೂ ರೇಗುತ್ತಿದ್ದೆ, ನಿಲ್ಲಿಸಿದೆ.

ತಕ್ಕಡಿ ಬಂದ ದಿನ ನನ್ನ ತೂಕ 78.2, ಎತ್ತರ 156 ಸೆಂ.ಮೀ.

ಮೊದಲು ಸಾಮಾನಿನ ಬಗ್ಗೆ. ಸರಿಯಾಗಿ ತೂಗುತ್ತದಾ ಅಂತ ನೋಡಲು ಹತ್ತು ರೂಪಾಯಿಯ ಹತ್ತು ನಾಣ್ಯ ಇಟ್ಟೆ. ಚಿನ್ನದ ಬಣ್ಣದ ಅಂಚಿನ ನಾಣ್ಯ ಒಂದೊಂದು 7.71 ಗ್ರಾಂ, ಹತ್ತಕ್ಕೆ 77. ತಕ್ಕಡಿಯೂ 77 ತೋರಿಸಿತು. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ 518 ಬಂತು. ಮೋಸ ಅಲ್ಲ, ಹಾಲು ನೀರಿಗಿಂತ ಸ್ವಲ್ಪ ಭಾರ. ಇಷ್ಟು ಸಾಕು ಅಡುಗೆಗೆ.

ತೊಂದರೆಗಳೂ ಇವೆ. ಎರಡು ನಿಮಿಷ ಸುಮ್ಮನಿದ್ದರೆ ತಾನೇ ಆಫ್ ಆಗುತ್ತದೆ, ಈರುಳ್ಳಿ ಹೆಚ್ಚಿ ಬರುವಷ್ಟರಲ್ಲಿ ಲೆಕ್ಕ ಮಾಯ. ದೊಡ್ಡ ಬಾಣಲೆ ಇಟ್ಟರೆ ನಂಬರ್ ಕಾಣುವುದಿಲ್ಲ, ಬಗ್ಗಿ ನೋಡಬೇಕು. ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಟ್ಟರೆ ಹತ್ತು ಗ್ರಾಂ ಹಾಕಿದರೂ ಕೆಲವು ಸಲ ಸೊನ್ನೆಯೇ ತೋರಿಸುತ್ತದೆ, ತುಸು ತುಸು ಬಿದ್ದಿದ್ದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಪ್ಪು, ಇಂಗು ತೂಗಲು ಇದು ಆಗುವುದಿಲ್ಲ. ಎಂಟನೇ ತಿಂಗಳಲ್ಲಿ ಅರಿಶಿನದ ನೀರು ಒಳಗೆ ಹೋಗಿ ಮೊದಲನೆಯದು ಸತ್ತಿತು. ಒಂದು ವರ್ಷ ವಾರಂಟಿ ಅಂತ ಬಾಕ್ಸ್ ಮೇಲೆ ಬರೆದಿತ್ತು, ಮಾರಿದವರು ನೀರು ಬಿದ್ದರೆ ಇಲ್ಲ ಅಂದರು. ಅಡುಗೆಮನೆಯಲ್ಲಿ ನೀರು ಬೀಳದೆ ಇನ್ನೇನು ಬೀಳುತ್ತದೆ? ಅದೇ ಥರದ ಇನ್ನೊಂದು ತರಿಸಿದೆ, ಈಗ ಪ್ಲಾಸ್ಟಿಕ್ ಕವರ್ ಸುತ್ತಿ ಬಳಸುತ್ತೇನೆ.

ಒಂದು ಉಪಾಯ ಹೇಳುತ್ತೇನೆ, ಬಾಕ್ಸ್ ಜೊತೆ ಬಂದ ಚೀಟಿಯಲ್ಲಿ ಇದು ಇಲ್ಲ. ಎಣ್ಣೆ ಡಬ್ಬಿಯನ್ನೇ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಡಬ್ಬಿ ಎತ್ತಿ, ಒಗ್ಗರಣೆಗೆ ಎಷ್ಟು ಬೇಕೋ ಅಷ್ಟು ಹಾಕಿ, ವಾಪಸ್ ಇಡಿ. ಹಾಕಿದ್ದು ಎಷ್ಟೋ ಅಷ್ಟು ಮೈನಸ್ ತೋರಿಸುತ್ತದೆ. ಚಮಚ ತೊಳೆಯುವ ಕೆಲಸ ಇಲ್ಲ. ಮೊದಲ ವಾರ ನಾನು ಏನನ್ನೂ ಕಡಿಮೆ ಮಾಡಲಿಲ್ಲ, ಸುಮ್ನೆ ನೋಡಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ. ಬೀನ್ಸ್ ಪಲ್ಯಕ್ಕೆ ಮೈನಸ್ 46. ಮಂಡಕ್ಕಿ ಒಗ್ಗರಣೆಗೆ 52. ಎಣ್ಣೆಗಾಯಿ ಮಾಡಿದ ದಿನ 118.

ನಮ್ಮ ಮನೆಯಲ್ಲಿ ನಾಲ್ಕು ಜನ. 118 ಅಂದರೆ ತಲೆಗೆ ಸುಮಾರು 30 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಒಂದು ದಿನದ ತಟ್ಟೆಗೆ ಹೇಳಿರುವ ಎಣ್ಣೆ 27 ಗ್ರಾಂ. ಅಂದರೆ ಇಡೀ ದಿನದ್ದು ಒಂದೇ ಪಲ್ಯದಲ್ಲಿ ಮುಗಿದಿತ್ತು. ತಿಂಗಳ ಲೆಕ್ಕ ಇನ್ನೂ ಸುಲಭ. ನಾವು ತರುವ ಒಂದು ಲೀಟರ್ ಪ್ಯಾಕೆಟ್ಟಿನ ಮೇಲೆ 910 ಗ್ರಾಂ ಅಂತ ಬರೆದಿರುತ್ತದೆ. ತಿಂಗಳಿಗೆ ಐದು ಪ್ಯಾಕೆಟ್ ಖರ್ಚಾಗುತ್ತಿತ್ತು. ಭಾಗಿಸಿ ನೋಡಿ, ತಲೆಗೆ ದಿನಕ್ಕೆ 38 ಗ್ರಾಂ. ಈಗ ಮೂರು ಪ್ಯಾಕೆಟ್, ತಲೆಗೆ ಸುಮಾರು 23. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಅಲ್ಲಿಗೆ ದಿನಕ್ಕೆ 130 ಚಿಲ್ಲರೆ ಕ್ಯಾಲೊರಿ ಹೋಯಿತು, ಯಾರ ತಟ್ಟೆಯಿಂದಲೂ ಒಂದು ತುತ್ತು ಕಡಿಮೆಯಾಗಲಿಲ್ಲ. (ಮಿರ್ಚಿ ಕರಿದು ಮಿಕ್ಕ ಎಣ್ಣೆಯೂ ಇದರಲ್ಲಿ ಸೇರಿದೆ, ಅದೆಲ್ಲ ಹೊಟ್ಟೆಗೇ ಹೋಗುತ್ತದೆ ಅಂತಲ್ಲ. ಲೆಕ್ಕ ಅಂದಾಜಿನದು.)

ಇದೆಲ್ಲ ನಡೆಯುವಾಗ ಅತ್ತೆಗೆ ಬೇಜಾರಾಗಿತ್ತು. ಅನ್ನದ ಪಾತ್ರೆಯನ್ನು ತಕ್ಕಡಿ ಮೇಲಿಟ್ಟದ್ದು ನೋಡಿ "ಏನವ್ವಾ ಇದು, ಬಂಗಾರದ ಅಂಗಡಿ ಇಟ್ಟಂಗೆ ಇಟ್ಕಂಡಿದೀಯ, ಉಣ್ಣೋ ಅನ್ನ ತೂಗ್ತಾರಾ ಯಾರಾದ್ರೂ?" ಅಂದರು. ನಾನು ಸುಮ್ಮನಿದ್ದೆ. ಎರಡು ದಿನ ಬಿಟ್ಟು ಅವರೇ ಮಾತು ತೆಗೆದರು. ಅವರ ಕಾಲದಲ್ಲಿ ಪಾವು, ಸೇರು ಇತ್ತಂತೆ, ಆಳು ಇದ್ದ ದಿನ ಇಷ್ಟು ಪಾವು, ಇಲ್ಲದ ದಿನ ಇಷ್ಟು ಅಂತ ಅಳೆದೇ ಹಾಕುತ್ತಿದ್ದರಂತೆ. ಆಮೇಲೆ ಕೈಯಳತೆ ಬಂತು, ಪಾವು ಅಟ್ಟ ಸೇರಿತು. ಅವರ ಕೈಯಳತೆ ಕೂತದ್ದು ಭತ್ತದ ನಾಟಿ ಮಾಡಿ ಬಂದವರಿಗೆ ಬಡಿಸಿ ಬಡಿಸಿ. ಆ ಅಳತೆಯಲ್ಲೇ ನಾನು ಹದಿನೈದು ವರ್ಷ ಉಂಡು, ಇಡೀ ದಿನ ಕುರ್ಚಿ ಮೇಲೆ ಕೂತೆ.

ಈಗ ನಾನು ಮಾಡಿದ ದಡ್ಡತನ. ಅಕ್ಕಿಗೆ 100 ಗ್ರಾಂಗೆ 350 ಕ್ಯಾಲೊರಿ ಅಂತ ಎಲ್ಲೋ ನೋಡಿ, ಬೆಂದ ಅನ್ನಕ್ಕೂ ಅದೇ ಲೆಕ್ಕ ಹಾಕಿ, ಹನ್ನೆರಡು ದಿನ 80 ಗ್ರಾಂ ಅನ್ನ ಉಂಡೆ. ಅದು ನಾಲ್ಕು ತುತ್ತು ಅಷ್ಟೇ. ತಲೆಸುತ್ತು ಬಂತು, ಸಾಯಂಕಾಲ ಒಂದು ಪ್ಯಾಕೆಟ್ ಬಿಸ್ಕತ್ತು ಮುಗಿಸಿದೆ. 350 ಅನ್ನುವುದು ಹಸಿ ಅಕ್ಕಿಗೆ. ಬೆಂದ ಅನ್ನಕ್ಕೆ ಸುಮಾರು 130, ಯಾಕೆಂದರೆ ಮಿಕ್ಕಿದ್ದು ನೀರು. ಮುದ್ದೆಯದೂ ಅದೇ ಕಥೆ, ನಮ್ಮ ಮನೆಯ ಒಂದು ಮುದ್ದೆ 260 ಗ್ರಾಂ ತೂಗಿದರೂ ಒಳಗಿನ ಹಿಟ್ಟು 80 ಗ್ರಾಂ ಮಾತ್ರ. ಹಾಗಾಗಿ ತೂಗುವುದಾದರೆ ಕುಕ್ಕರಿಗೆ ಹಾಕುವ ಮುಂಚೆ ತೂಗಿ.

ಶೇಂಗಾ ವಿಷಯದಲ್ಲಿ ನಿಜವಾಗಿ ಬೆಚ್ಚಿಬಿದ್ದೆ. ಸಾಯಂಕಾಲ ಹಸಿವಾದರೆ "ಒಳ್ಳೇದು" ಅಂತ ಒಂದು ಹಿಡಿ ಹುರಿದ ಶೇಂಗಾ ತಿನ್ನುತ್ತಿದ್ದೆ. ನನ್ನ ಹಿಡಿ 58 ಗ್ರಾಂ! ಅಂದರೆ 330 ಕ್ಯಾಲೊರಿ ಹತ್ತಿರ, ಎರಡು ಜೋಳದ ರೊಟ್ಟಿಗೆ ಸಮ. ಶೇಂಗಾ ಬಿಡಲಿಲ್ಲ, 25 ಗ್ರಾಂ ಬಟ್ಟಲಿಗೆ ಹಾಕಿ ಡಬ್ಬಿ ಮುಚ್ಚಿ ಮೇಲಿಡುತ್ತೇನೆ. ಮಂಡಕ್ಕಿ ಇದಕ್ಕೆ ಉಲ್ಟಾ. ಒಂದು ದೊಡ್ಡ ಬಟ್ಟಲು ತುಂಬಿಸಿದರೂ 25 ಗ್ರಾಂ ದಾಟಲಿಲ್ಲ. ಮಂಡಕ್ಕಿ ಯಾವತ್ತೂ ತಪ್ಪು ಮಾಡಿಲ್ಲ, ಅದರ ಜೊತೆ ಬರುವ ಮಿರ್ಚಿ ಮಾಡುತ್ತದೆ.

ಬೆಣ್ಣೆ ದೋಸೆ ಪಾರ್ಸೆಲ್ ತಂದು ಮೇಲಿನ ಬೆಣ್ಣೆ ಮುದ್ದೆ ಎತ್ತಿ ತೂಗಿದ್ದೂ ಆಯಿತು, ಮನೆಯವರು ನಕ್ಕರು. 14 ಗ್ರಾಂ, 100 ಕ್ಯಾಲೊರಿ. ನಾನು ಅಂದುಕೊಂಡಷ್ಟು ದೊಡ್ಡ ಪಾಪ ಅಲ್ಲ. ಪಾಪ ಅಂದರೆ ಮೂರನೇ ದೋಸೆ. ಈಗ ತಿಂಗಳಿಗೆ ಎರಡು ಸಲ ಹೋಗುತ್ತೇವೆ, ಎರಡು ದೋಸೆ, ಖಾಲಿ ಒಂದು ಬೆಣ್ಣೆ ಒಂದು, ಆ ರಾತ್ರಿ ಮಜ್ಜಿಗೆ.

ಆದರೆ ಈ ತಕ್ಕಡಿಗೆ ನಾನು ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸಿದ್ದು ಕಡಿಮೆ ಮಾಡಿದ್ದರಿಂದಲ್ಲ, ಜಾಸ್ತಿ ಮಾಡಿದ್ದರಿಂದ. ಒಂದು ದಿನ ಸಾರಿಗೆ ಹಾಕುವ ತೊಗರಿಬೇಳೆ ತೂಗಿದೆ. ನಾಲ್ಕು ಜನಕ್ಕೆ 60 ಗ್ರಾಂ. ನನ್ನ ಪಾಲಿಗೆ 15 ಗ್ರಾಂ ಬೇಳೆ, ಅದರಲ್ಲಿ ಪ್ರೊಟೀನು 3 ಗ್ರಾಂ ಚಿಲ್ಲರೆ. ದಿನಾ ಬೇಳೆ ಸಾರು ಉಣ್ಣುತ್ತೇವೆ ಅಂತ ಹೇಳಿಕೊಂಡು ನಾವು ಉಣ್ಣುತ್ತಿದ್ದದ್ದು ಹಳದಿ ನೀರು. ಅದೇ ಮಾರ್ಗಸೂಚಿಯ ತಟ್ಟೆಯಲ್ಲಿ ದಿನಕ್ಕೆ ಬೇಳೆಕಾಳು, ಮೊಟ್ಟೆ, ಮಾಂಸ ಸೇರಿ 85 ಗ್ರಾಂ ಇದೆ. ನಾವು ಮೊಟ್ಟೆ ಮಾಂಸ ತಿನ್ನದವರು, ಅಂದಮೇಲೆ ಪೂರ್ತಿ ಬೇಳೆಕಾಳಿನಿಂದಲೇ ಬರಬೇಕು. ಈಗ ಸಾರಿಗೆ 160 ಗ್ರಾಂ ಹಾಕುತ್ತೇನೆ, ಸಾರು ಗಟ್ಟಿ ಇರುತ್ತದೆ, ಬೆಳಿಗ್ಗೆ ರೊಟ್ಟಿಗೆ ಮಡಿಕೆಕಾಳೋ ಹೆಸರುಕಾಳೋ ಪಲ್ಯ. ಹನ್ನೊಂದು ಗಂಟೆಗೆ ಆಫೀಸ್ ಕ್ಯಾಂಟೀನ್ ಕಡೆ ಕಾಲು ಎಳೆಯುತ್ತಿದ್ದದ್ದು ನಿಂತಿತು. ಮನಸ್ಸು ಗಟ್ಟಿ ಮಾಡಿಕೊಂಡು ನಿಲ್ಲಿಸಿದ್ದಲ್ಲ, ಹಸಿವೇ ಆಗುತ್ತಿರಲಿಲ್ಲ. ಹಿಂದಿನ ಮೂರೂ ಸಲ ನಾನು ಸೋತದ್ದು ಇಲ್ಲೇ. ಎಲ್ಲರೂ ಬಿಡುವುದನ್ನು ಹೇಳಿದರು, ಹೊಟ್ಟೆಗೆ ಬದಲಿಗೆ ಏನು ಅಂತ ಯಾರೂ ಹೇಳಲಿಲ್ಲ.

ಯಾವ ಡಯಟ್ ದೊಡ್ಡದು ಅನ್ನುವ ಜಗಳ ನಮ್ಮ ಆಫೀಸಲ್ಲೂ ನಡೆಯುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ 609 ಜನರನ್ನು ಇಟ್ಟುಕೊಂಡು ಒಂದು ವರ್ಷ ನೋಡಿದ್ದಾರೆ, ಅರ್ಧ ಜನಕ್ಕೆ ಕೊಬ್ಬು ಕಡಿಮೆ, ಇನ್ನರ್ಧಕ್ಕೆ ಪಿಷ್ಟ ಕಡಿಮೆ. 2018ರಲ್ಲಿ ಫಲಿತಾಂಶ ಬಂತು: ಎರಡೂ ಕಡೆ ಸರಾಸರಿ ಐದಾರು ಕೆಜಿ ಇಳಿಕೆ, ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಆದರೆ ಎರಡೂ ಗುಂಪಿನಲ್ಲಿ ತುಂಬಾ ಇಳಿದವರೂ ಇದ್ದರು, ಏರಿದವರೂ ಇದ್ದರು. ಅದನ್ನು ಓದಿದ ಮೇಲೆ ನಾನು ಜಗಳಕ್ಕೆ ಹೋಗುವುದು ಬಿಟ್ಟೆ.

ಫಲಿತಾಂಶ ಹೇಳದೆ ರಿವ್ಯೂ ಮುಗಿಸಿದರೆ ಬೈಯುತ್ತೀರಿ. 14 ತಿಂಗಳಲ್ಲಿ 78.2ರಿಂದ 66.4. ತಿಂಗಳಿಗೆ ಒಂದು ಕೆಜಿಯೂ ಇಲ್ಲ. ಐದನೇ ಮತ್ತು ಒಂಬತ್ತನೇ ತಿಂಗಳಲ್ಲಿ ಮುಳ್ಳು ಕದಲಲೇ ಇಲ್ಲ. ಅಲ್ಲಿಂದ ಇವತ್ತಿನವರೆಗೆ 67ರಿಂದ 68.5ರ ಮಧ್ಯೆ ಓಡಾಡಿಕೊಂಡಿದೆ. ಮದುವೆ ಊಟದ ಮರುದಿನ ಒಂದೂವರೆ ಕೆಜಿ ಜಾಸ್ತಿ ತೋರಿಸುತ್ತದೆ, ಉಪ್ಪು ಮತ್ತು ನೀರು, ನಾಲ್ಕು ದಿನಕ್ಕೆ ಇಳಿಯುತ್ತದೆ. ನಮ್ಮವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23ರೊಳಗೆ ಇರಬೇಕು ಅನ್ನುತ್ತಾರೆ, ಆ ಲೆಕ್ಕದಲ್ಲಿ ನಾನು 56 ಕೆಜಿ ಇರಬೇಕು. ಇಲ್ಲ. ಬಹುಶಃ ಆಗುವುದೂ ಇಲ್ಲ. ಸೊಂಟ 98ರಿಂದ 88 ಸೆಂ.ಮೀ. ಆಗಿದೆ, ಹೆಂಗಸರಿಗೆ 80 ಅನ್ನುತ್ತಾರೆ, ಅದೂ ದೂರ. ಆದರೆ ಮೂರು ಸಲ ವಾಪಸ್ ಬಂದದ್ದು ಈ ಸಲ ಬಂದಿಲ್ಲ, ನನಗೆ ಅದೇ ದೊಡ್ಡದು. ವಾಕಿಂಗ್ ಇಲ್ವಾ ಅಂತ ಕೇಳಬೇಡಿ, ಇದೆ, ವಾರಕ್ಕೆ ನಾಲ್ಕು ದಿನ ಕುಂದವಾಡ ಕೆರೆ. ಅದನ್ನು ಕೀಟೊ ಕಾಲದಲ್ಲೂ ಮಾಡುತ್ತಿದ್ದೆ.

ಎಲ್ಲವನ್ನೂ ತೂಗಿದ್ದು ಮೊದಲ ನಾಲ್ಕು ತಿಂಗಳು ಮಾತ್ರ. ಆಮೇಲೆ ಕಣ್ಣಿಗೆ ಅಭ್ಯಾಸವಾಯಿತು. ಈಗ ತಕ್ಕಡಿ ಹತ್ತುವುದು ಎಣ್ಣೆ, ಶೇಂಗಾ, ಕುಕ್ಕರಿನ ಅಕ್ಕಿ, ಬೇಳೆ. ಊರಿಗೆ ಹೋದರೆ, ಹೋಟೆಲಿಗೆ ಹೋದರೆ ಏನೂ ಇಲ್ಲ.

ಎರಡು ಕಡೆ ಎಚ್ಚರಿಕೆ. ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಊಟ ಕಡಿಮೆ ಮಾಡುವ ಮುಂಚೆ ಡಾಕ್ಟರನ್ನು ಕೇಳಿ, ಔಷಧಿ ಅಷ್ಟೇ ಇಟ್ಟು ಊಟ ಇಳಿಸಿದರೆ ಶುಗರ್ ಕುಸಿಯಬಹುದು. ಇನ್ನೊಂದು, ವಯಸ್ಸಿಗೆ ಬಂದ ಮಕ್ಕಳ ಕೈಗೆ ಇದನ್ನು ಕೊಡಬೇಡಿ. ಪಿಯುಸಿ ಓದುವ ನಮ್ಮ ಸಂಬಂಧಿಕರ ಹುಡುಗಿ ರಜೆಗೆ ಬಂದಿದ್ದಾಗ ಇದನ್ನು ನೋಡಿ ಸೌತೆಕಾಯಿ ಹೋಳನ್ನೂ ತೂಗಲು ಶುರು ಮಾಡಿದಳು, ಮೂರನೇ ದಿನ ಮೊಸರನ್ನ ಬೇಡ ಅಂದಳು. ಅವತ್ತೇ ತಕ್ಕಡಿ ಬೀರು ಸೇರಿತು, ಅವಳು ಊರಿಗೆ ಹೋಗುವವರೆಗೂ ಹೊರಗೆ ಬರಲಿಲ್ಲ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೇ, ವಾರಂಟಿಗಲ್ಲ. ನಾಲ್ಕು ಸ್ಟಾರ್.

ಅಂದಹಾಗೆ ಅತ್ತೆ ಈಗ ನನಗಿಂತ ಜಾಸ್ತಿ ಇದನ್ನು ಬಳಸುತ್ತಾರೆ. ಹೋದ ಭಾನುವಾರ ಸಂತೆಯಿಂದ ಅರ್ಧ ಕೆಜಿ ಅಂತ ತಂದ ಹುಣಸೆಹಣ್ಣು ಇಟ್ಟರು, 462 ಬಂತು. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದರು. ಹುಣಸೆಹಣ್ಣನ್ನು ಅದೇ ಕವರಿಗೆ ಹಾಕಿ, ತಕ್ಕಡಿಯನ್ನೂ ಚೀಲದಲ್ಲಿ ಇಟ್ಟುಕೊಂಡು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.