ಸಿಂಗಾಪುರ ಸ್ಕೂಲ್ ಟೂರ್ ಪ್ಯಾಕೇಜ್: ಊರಿಗೆ ಐದು ಸ್ಟಾರ್, ಪ್ಯಾಕೇಜಿಗೆ ಮೂರೇ

ಶೈಕ್ಷಣಿಕ ಪ್ರವಾಸ ಅಂತ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಂಡು ಸಿಂಗಾಪುರ ಪ್ಯಾಕೇಜ್ ಮಾರುವ ಕಂಪನಿಗಳು ಬೆಂಗಳೂರಲ್ಲಿ ಬೇಕಾದಷ್ಟಿವೆ. ಅಂಥದ್ದೇ ಒಂದರ ಜೊತೆ ನಮ್ಮ ಶಾಲೆಯ ಒಂಬತ್ತನೇ ತರಗತಿ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದೆವು. ಕಂಪನಿಯ ಹೆಸರು ಹಾಕುವುದಿಲ್ಲ. ಬೇರೆ ಶಾಲೆಯ ಟೀಚರ್‌ಗಳನ್ನು ಕೇಳಿದರೆ ಅವರ ಪ್ಯಾಕೇಜೂ ಹೆಚ್ಚುಕಮ್ಮಿ ಹೀಗೇ ಇತ್ತಂತೆ. ನನ್ನ ತಕರಾರು ಇಷ್ಟೇ: ಇದು ಹನಿಮೂನಿಗೆ ಹೋಗುವವರಿಗೆ ಮಾಡಿಟ್ಟ ಟೂರು, ಸೈನ್ಸ್ ಸೆಂಟರ್ ಅಂತ ಒಂದು ಸಾಲು ಸೇರಿಸಿ ಶಾಲೆಗೂ ಮಾರುತ್ತಾರೆ.

ಮೊದಲು ಚೆನ್ನಾಗಿದ್ದದ್ದು ಹೇಳಿಬಿಡುತ್ತೇನೆ. ವೀಸಾ, ಪೋಷಕರ ಒಪ್ಪಿಗೆ ಪತ್ರ, ಇನ್ಶೂರೆನ್ಸ್, ಎಲ್ಲ ಅಚ್ಚುಕಟ್ಟು. ಚೂಯಿಂಗ್ ಗಮ್ ತರಬೇಡಿ ಅಂತ ಪೋಷಕರ ಮೀಟಿಂಗಲ್ಲೇ ಹೇಳಿದ್ದರು (ಅಲ್ಲಿ 1992ರಿಂದ ಅದನ್ನು ಒಳಗೆ ತರುವ ಹಾಗಿಲ್ಲ). ಆದರೂ ಒಬ್ಬನ ಬ್ಯಾಗಲ್ಲಿ ಇತ್ತು, ಏರ್‌ಪೋರ್ಟಲ್ಲೇ ಬಿಸಾಕಿಸಿದೆವು.

ಇನ್ನು ಮೊದಲ ದಿನ. ರಾತ್ರಿ ವಿಮಾನ, ನಾಲ್ಕೂವರೆ ಗಂಟೆ ಪ್ರಯಾಣ, ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಂದರೆ ಮಕ್ಕಳಿಗೆ ನಿದ್ದೆಯೇ ಇಲ್ಲ. ಹೋಟೆಲ್ ರೂಮು ಸಿಗುವುದು ಮಧ್ಯಾಹ್ನ ಮೂರಕ್ಕೆ, ಅಲ್ಲಿವರೆಗೆ ಏನು ಮಾಡುವುದು, ಅದಕ್ಕೇ ಏರ್‌ಪೋರ್ಟಿಂದ ಸೀದಾ ಸಿಟಿ ಟೂರ್. ಗೈಡ್ ಮೈಕ್ ಹಿಡಿದು 1819ರಲ್ಲಿ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಬಂದ ಕತೆ ಹೇಳುತ್ತಿದ್ದಾರೆ, ಬಸ್ಸಲ್ಲಿ ಮುಕ್ಕಾಲು ಪಾಲು ಮಕ್ಕಳು ಬಾಯಿ ತೆರೆದುಕೊಂಡು ಮಲಗಿದ್ದಾರೆ. ಮೆರ್ಲಯನ್ (ಸಿಂಹದ ತಲೆ, ಮೀನಿನ ಮೈ ಇರುವ ಪ್ರತಿಮೆ) ಹತ್ತಿರ ಎಬ್ಬಿಸಿ ಇಳಿಸಿ ಫೋಟೋ ತೆಗೆಸಿದ್ದಾಯಿತು. ಆ ಫೋಟೋದಲ್ಲಿ ಒಬ್ಬರ ಕಣ್ಣೂ ಸರಿಯಾಗಿ ತೆರೆದಿಲ್ಲ.

ಜುರೋಂಗ್‌ನಲ್ಲಿರುವ ಸೈನ್ಸ್ ಸೆಂಟರ್ 1977ರಿಂದ ಇದೆ. ಅಲ್ಲಿ ಎಲ್ಲವನ್ನೂ ಮುಟ್ಟಿ, ತಿರುಗಿಸಿ, ಒತ್ತಿ ನೋಡಬಹುದು. ಪಾಠದಲ್ಲಿ ಚಿತ್ರ ಬರೆದು ತೋರಿಸುವುದನ್ನು ಮಕ್ಕಳು ಕೈಯಲ್ಲೇ ಮಾಡುತ್ತಿದ್ದರು. ಕ್ಲಾಸಲ್ಲಿ ಬಾಯಿ ಬಿಡದ ಹುಡುಗಿ ಒಂದೇ ಯಂತ್ರದ ಮುಂದೆ ನಿಂತು ಪಕ್ಕದವರಿಗೆಲ್ಲ ವಿವರಿಸುತ್ತಿದ್ದಾಳೆ! ಅಷ್ಟರಲ್ಲಿ ಟೂರ್ ಮ್ಯಾನೇಜರ್ ಬಂದು, ಮೇಡಂ ಟೈಮ್ ಆಯ್ತು ಅಂದರು. ಇಲ್ಲಿಗಿಂತ ಜಾಸ್ತಿ ಹೊತ್ತು ಮುಸ್ತಫಾ ಅನ್ನುವ ದೊಡ್ಡ ಅಂಗಡಿಯಲ್ಲಿ ಶಾಪಿಂಗ್‌ಗೆ ಇಟ್ಟಿದ್ದರು. ಇದಕ್ಕೆ ಏನು ಹೇಳೋದು ನೀವೇ ಹೇಳಿ.

ಇಡೀ ಟೂರಲ್ಲಿ ನನಗೆ ತುಂಬಾ ಹಿಡಿಸಿದ್ದು ಮರೀನಾ ಬ್ಯಾರೇಜ್. ಪ್ಯಾಕೇಜಲ್ಲಿ ಇರಲಿಲ್ಲ, ಹೊರಡುವ ಮೊದಲೇ ಹಟ ಹಿಡಿದು ಹಾಕಿಸಿದ್ದೆ. ಪ್ರವೇಶಕ್ಕೆ ದುಡ್ಡೇ ಇಲ್ಲ, ಬಹುಶಃ ಅದಕ್ಕೇ ಯಾವ ಕಂಪನಿಗೂ ಇದರ ಮೇಲೆ ಪ್ರೀತಿ ಇಲ್ಲ. 2008ರಲ್ಲಿ ತೆರೆದ ಅಣೆಕಟ್ಟು ಇದು. ಸಮುದ್ರದ ನೀರು ಒಳಗೆ ಬರದ ಹಾಗೆ ತಡೆದು, ಊರ ನಡುವೆಯೇ ಸಿಹಿನೀರಿನ ಕೆರೆ ಮಾಡಿಕೊಂಡಿದ್ದಾರೆ. ಜೋರು ಮಳೆ ಬಂದಾಗ ಸಮುದ್ರ ಇಳಿದಿದ್ದರೆ ಗೇಟು ತೆರೆಯುತ್ತಾರೆ, ಉಬ್ಬರ ಇದ್ದರೆ ಪಂಪ್ ಹಾಕಿ ನೀರನ್ನು ಆಚೆ ಎತ್ತಿ ಹಾಕುತ್ತಾರೆ. ಮಲೇಷ್ಯಾದ ಜೊಹೋರ್‌ನಿಂದಲೂ ನೀರು ಬರುತ್ತದೆ, ಆ ಒಪ್ಪಂದ ಮುಗಿಯುವುದು 2061ಕ್ಕೆ. "ಮಿಸ್, ಇವರಿಗೆ ಕಾವೇರಿ ಇಲ್ವಾ?" ಅಂತ ಒಬ್ಬ ಕೇಳಿದ. ಕೊಳಚೆ ನೀರನ್ನು ಶುದ್ಧ ಮಾಡಿ ಮತ್ತೆ ಬಳಸುವ ನ್ಯೂವಾಟರ್ 2003ರಿಂದ ಇದೆ ಅಂದಾಗ ಛೀ ಅಂದವರೇ ಜಾಸ್ತಿ. ಅದಕ್ಕೆ ಇನ್ನೊಬ್ಬಳು, ನಮ್ಮ ಅಪಾರ್ಟ್‌ಮೆಂಟಲ್ಲೂ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಇದೆ, ಆದರೆ ಆ ನೀರು ಫ್ಲಶ್ಶಿಗೆ, ಗಿಡಕ್ಕೆ ಮಾತ್ರ ಅಂದಳು. ಟ್ಯಾಂಕರ್ ನೋಡಿ ಬೆಳೆದ ಮಕ್ಕಳು, ಹಾಗಾಗಿ ಚರ್ಚೆ ಬಸ್ಸಲ್ಲೂ ನಿಲ್ಲಲಿಲ್ಲ. ಮೇಲೆ ಹುಲ್ಲು ಹಾಸಿದ ತಾರಸಿ ಇದೆ, ಊರಿನವರು ಗಾಳಿಪಟ ಹಾರಿಸುತ್ತಿರುತ್ತಾರೆ. ಮಕ್ಕಳನ್ನು ಅಲ್ಲಿ ಓಡಾಡಲು ಬಿಡಿ.

ಎಂಆರ್‌ಟಿ ರೈಲೂ (ಅಲ್ಲಿನ ಮೆಟ್ರೋ) ಪ್ಯಾಕೇಜಲ್ಲಿ ಇರುವುದಿಲ್ಲ, ಎಲ್ಲದಕ್ಕೂ ಬಸ್ಸೇ. ಲೆಕ್ಕ ತಪ್ಪಿದರೆ ಅಂತ ಅವರಿಗೆ ಭಯ. ನಿಜ, ನನಗೂ ಇತ್ತು. ಆದರೆ ಮಕ್ಕಳನ್ನು ಜೋಡಿ ಮಾಡಿ, ಪ್ಲಾಟ್‌ಫಾರಂನಲ್ಲಿ ಉಳಿದುಹೋದರೆ ಅಲ್ಲೇ ನಿಲ್ಲಿ, ನಾವೇ ವಾಪಸ್ ಬರುತ್ತೇವೆ ಅಂತ ಹೇಳಿ ಹತ್ತಿಸಿದರೆ ಏನೂ ತೊಂದರೆ ಆಗಲ್ಲ. ರೈಲಲ್ಲಿ ತಿಂಡಿ, ನೀರು ಯಾವುದೂ ಬಾಯಿಗೆ ಹಾಕುವ ಹಾಗಿಲ್ಲ, 500 ಸಿಂಗಾಪುರ ಡಾಲರ್‌ವರೆಗೆ ದಂಡ. ಬಸ್ಸಲ್ಲಿ ಚಿಪ್ಸ್ ಪ್ಯಾಕೆಟ್ ಬಿಡದವರು ರೈಲಲ್ಲಿ ಎಷ್ಟು ಸಾಧುಗಳಾದರು ಅಂತೀರಿ!

ಊಟದ ವಿಷಯ. ದಿನಾ ಪನೀರ್, ದಾಲ್, ರೋಟಿ. ಸಸ್ಯಾಹಾರಿ ಮಕ್ಕಳಿದ್ದಾರೆ, ಪೋಷಕರು ಕೇಳಿಯೇ ಕೇಳುತ್ತಾರೆ, ಅದು ಅರ್ಥವಾಗುತ್ತದೆ. ಆದರೂ ಅಲ್ಲಿನ ಹಾಕರ್ ಸೆಂಟರ್‌ಗಳ (ಒಂದೇ ಸೂರಿನಡಿ ಸಾಲು ಸಾಲು ಊಟದ ಅಂಗಡಿಗಳು) ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ, ಒಂದು ಸಲ ಒಳಗೆ ಹೋಗಿ ನೋಡಿಸಬಹುದಿತ್ತು. ನಮಗೆ ದೋಸೆ ಬೇಕೆನಿಸಿದಾಗ ಲಿಟ್ಲ್ ಇಂಡಿಯಾದ ಕೋಮಳ ವಿಲಾಸ್ ಕಾಪಾಡಿತು. 1947ರ ಹೋಟೆಲು, ಸಾಂಬಾರ್ ಚೆನ್ನಾಗಿದೆ.

ಯೂನಿವರ್ಸಲ್ ಸ್ಟುಡಿಯೋಸ್ ಥೀಮ್ ಪಾರ್ಕ್ ಬಗ್ಗೆ ಮಕ್ಕಳನ್ನು ಕೇಳಿ. ನಾವು ಟೀಚರ್‌ಗಳು ಬ್ಯಾಗು ಕಾಯುತ್ತಾ ಕೂತಿದ್ದೆವು.

ನೀವು ಬುಕ್ ಮಾಡುವವರಿದ್ದರೆ ಮಕ್ಕಳ ರೂಮು, ಟೀಚರ್ ರೂಮು ಒಂದೇ ಮಹಡಿಯಲ್ಲಿ ಬೇಕು ಅಂತ ಬರಹದಲ್ಲಿ ತೆಗೆದುಕೊಳ್ಳಿ. ನಮಗೆ ಬೇರೆ ಬೇರೆ ಮಹಡಿ ಕೊಟ್ಟಿದ್ದರು, ರಾತ್ರಿ ಹನ್ನೆರಡರವರೆಗೂ ಲಿಫ್ಟಲ್ಲಿ ಮೇಲೆ ಕೆಳಗೆ ಓಡಾಡಿದ್ದೇ ಬಂತು. ಇಳಿದ ದಿನ ರೂಮು ಬೇಗ ಸಿಗುತ್ತದಾ ಅಂತಲೂ ಕೇಳಿ, ಸ್ವಲ್ಪ ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ. ಇನ್ನೊಂದು, ಬಿಲ್ಲನ್ನು ಸಾಲು ಸಾಲಾಗಿ ಓದಿ. ಎಸ್‌ಜಿ ಅರೈವಲ್ ಕಾರ್ಡ್, ಅಂದರೆ ಸಿಂಗಾಪುರಕ್ಕೆ ಬರುವವರು ಆನ್‌ಲೈನಲ್ಲಿ ತುಂಬುವ ಫಾರಂ, ಅಲ್ಲಿನ ಸರ್ಕಾರದ ವೆಬ್‌ಸೈಟಲ್ಲಿ ಪೂರ್ತಿ ಉಚಿತ. ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ ತುಂಬಿದರೆ ಆಯಿತು. ಅದಕ್ಕೂ ತಲೆಗಿಷ್ಟು ಅಂತ ಹಾಕಿದ್ದಾರೆ. ವಾಪಸ್ ಕೊಡಿ ಅಂತ ಕೇಳಿದ್ದೇವೆ, ಅಕೌಂಟ್ಸ್ ವಿಭಾಗಕ್ಕೆ ಕಳಿಸಿದ್ದೇವೆ ಅನ್ನುತ್ತಿದ್ದಾರೆ.